ಕಾರ್ಮಿನ್ ಬಾಯಿಯ ಮೊಟ್ಟೆಯಿಲ್ಲದ ಕೇಕು

ಆ ದಿನ ಬೆಳಿಗ್ಗೆಯೂ ನಾನು ಎಂದಿನಂತೆ ಐದೂವರೆಗೆ ಎದ್ದೆ. ಹಾಲು ಕಾಯಿಸಿದೆ. ಅತ್ತೆಯವರ ಲಿಂಗಪೂಜೆಗೆ ವಿಭೂತಿ, ಪತ್ರೆ, ಒಂದು ತಂಬಿಗೆ ನೀರು ತೆಗೆದಿಟ್ಟು, ಅವರ ಕಾಫಿಗೆ ಬೆಲ್ಲ ಹಾಕಿ ಕದಡಿದೆ. ನಮ್ಮವರು ಅಂಚೆ ಕಚೇರಿಗೆ ಹೊರಡುವುದು ಎಂಟೂವರೆಗೆ. ಅಷ್ಟರೊಳಗೆ ಅಕ್ಕಿರೊಟ್ಟಿ ಆಗಬೇಕು, ಚಟ್ನಿ ಆಗಬೇಕು, ಅವರ ಕನ್ನಡಕ ಹುಡುಕಿ ಕೊಡಬೇಕು. ಇವೆಲ್ಲದರ ನಡುವೆ ಹಿತ್ತಿಲಿನ ಸೌದೆ ಒಲೆಯ ಮೇಲೆ, ತಳದಲ್ಲಿ ನಾಲ್ಕು ಬೆರಳು ಮರಳು ಹರಡಿದ ದೊಡ್ಡ ಪಾತ್ರೆಯೊಂದು ಕಾಯುತ್ತಿತ್ತು. ಏಳು ಗಂಟೆಗೆ ಮುಚ್ಚಳ ಸರಿಸಿ, ಬಲಗೈಯನ್ನು ಮರಳಿಗೆ ತಾಗದಂತೆ ಒಳಗೆ ಇಳಿಬಿಟ್ಟು, ‘ಓಂ ನಮಃ ಶಿವಾಯ’ ಎಂದು ಎಣಿಸತೊಡಗಿದೆ. ಹನ್ನೊಂದು ಆಗುವ ತನಕ ಕೈ ತಡೆದುಕೊಂಡರೆ ಅದು ಕೇಕಿನ ಕಾವು. ಆರಕ್ಕೇ ಕೈ ಹಿಂದೆ ಬಂದರೆ ಬಿಸ್ಕತ್ತಿನ ಕಾವು. ಎರಡು ಕೊಳ್ಳಿ ಹೊರಗೆ ಎಳೆಯಬೇಕು.

ಈ ಎಣಿಕೆ ಕಲಿಸಿದವರು ಪಕ್ಕದ ಮನೆಯ ಕಾರ್ಮಿನ್ ಬಾಯಿ. ಅವರು ತೀರಿಕೊಂಡು ಆ ದಿನಕ್ಕೆ ಒಂದು ವರ್ಷ. ಹತ್ತೂವರೆಗೆ ಇಗರ್ಜಿಯಲ್ಲಿ ಅವರ ಹೆಸರಿನ ಪೂಜೆ, ಆಮೇಲೆ ಅವರ ಮನೆಯಲ್ಲಿ ಬಂದವರಿಗೆಲ್ಲ ಚಹಾ. ಚಹಾದ ಜೊತೆ ಕೊಡುವ ಕೇಕು ನಾನೇ ಮಾಡುತ್ತೇನೆಂದು ಒಪ್ಪಿಕೊಂಡಿದ್ದೆ. ಬೇರೆ ಯಾರು ಮಾಡಬೇಕು? ಬಣಕಲ್ಲಿನ ನಮ್ಮ ಓಣಿಯಲ್ಲಿ ಹದಿನೈದು ವರ್ಷ ಅವರ ಅಡಿಗೆಮನೆಯಲ್ಲಿ ನಿಂತು ಕಲಿತವಳು ನಾನೊಬ್ಬಳೇ.

ಬಾಯಿಯ ಮನೆಯಲ್ಲಿ ಕಾವು ಅಳೆಯುವ ಸಾಧನ ಯಾವುದೂ ಇರಲಿಲ್ಲ. ಕೊಂಕಣಿಯಲ್ಲಿ ಒಂದು ‘ನಮಾನ್ ಮರಿಯೆ’ ಜಪ ಮುಗಿಯುವಷ್ಟು ಹೊತ್ತು ಕೈ ತಡೆದರೆ ಕೇಕು, ಅರ್ಧಕ್ಕೇ ಸುಟ್ಟರೆ ಬಿಸ್ಕತ್ತು. ಎರಡು ಜಪ ಮುಗಿದ ಮೇಲೂ ಕೈಗೆ ಹಿತವಾಗಿಯೇ ಇದ್ದರೆ, “ಇದು ಒಲೆಯಲ್ಲ ಮಾರಾಯ್ತಿ, ಹಾಸಿಗೆ. ಬೆಕ್ಕನ್ನು ಮಲಗಿಸು” ಎನ್ನುವರು. ಅವರ ಬಲ ಮುಂಗೈಯಲ್ಲಿ ಅರವತ್ತು ವರ್ಷದ ಕಾವು ಕಾಣುತ್ತಿತ್ತು. ಒಂದು ಕೂದಲಿಲ್ಲ, ಚರ್ಮ ಹಲಸಿನ ಬೀಜದ ಹಾಗೆ ನುಣುಪು. ಎಡಗೈ ಮಾತ್ರ ಬೇರೆ ಯಾರದೋ ಎನ್ನುವಂತೆ ಬೆಳ್ಳಗೆ, ಮೆತ್ತಗೆ. ತುರುಬಿನಲ್ಲಿ ಯಾವಾಗಲೂ ಒಂದು ಉಕ್ಕಿನ ಹೆಣಿಗೆಕಡ್ಡಿ ಸಿಕ್ಕಿಸಿಕೊಂಡಿರುವರು. ಕೇಕು ಬೆಂದಿದೆಯೋ ಎಂದು ಚುಚ್ಚಿ ನೋಡುವುದಕ್ಕೆ ಅದು. ಸ್ವೆಟರ್ ಹೆಣೆದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ಅವರ ಗಂಡ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬಾಯಿ ಮದುವೆಗೆ ಮೊದಲೇ ಅದೇ ಎಸ್ಟೇಟಿನ ಬಂಗಲೆಯ ಅಡಿಗೆಮನೆಯಲ್ಲಿ ತಾಯಿಯ ಜೊತೆ ದುಡಿದವರು. ಗಂಡ ಹೋದ ಮೇಲೆ ಬಣಕಲ್ಲಿಗೆ ಬಂದು, ಹೆದ್ದಾರಿಯ ಹಿಂದಿನ ನಮ್ಮ ಓಣಿಯಲ್ಲಿ ಮನೆ ಮಾಡಿ, ಮದುವೆಗೆ, ಕ್ರಿಸ್‌ಮಸ್ಸಿಗೆ ಕೇಕು ಮಾಡಿಕೊಟ್ಟುಕೊಂಡಿದ್ದರು. ಅವರ ಹೆಸರು ಉಳಿದಿರುವುದು ಕಾಫಿ ಕೇಕಿನಲ್ಲಿ. ಗಟ್ಟಿ ಡಿಕಾಕ್ಷನ್, ಬೆಲ್ಲ, ಬೆಣ್ಣೆ, ಮತ್ತೆ ತೋಟದ ಕಿತ್ತಳೆಯ ಸಿಪ್ಪೆಯನ್ನು ಒಣಗಿಸಿ ಕುಟ್ಟಿದ ಪುಡಿ. ಅದು ಬೇಯುವಾಗ ಹೆದ್ದಾರಿಯಲ್ಲಿ ಬಸ್ಸಿಗೆ ಕಾದವರು ಕೂಡ ನಮ್ಮ ಓಣಿಯ ಕಡೆ ತಿರುಗಿ ನೋಡುವರು.

ಆ ಬೆಳಿಗ್ಗೆ ನಾನು ಮಾಡುತ್ತಿದ್ದದ್ದು ಅದನ್ನೇ. ಕಾವು ನೋಡಿ ಒಳಗೆ ಬಂದು ಹಿಟ್ಟಿಗೆ ಮೊಸರು ಸುರಿಯುತ್ತಿದ್ದೆ. ಬಾಯಿಯ ಮಗಳು ಸ್ಟೆಲ್ಲಾ ಹಿಂಬಾಗಿಲಿನಿಂದ ಬಂದಳು. ಮಂಗಳೂರಿನಲ್ಲಿರುವವಳು, ಹಿಂದಿನ ದಿನವಷ್ಟೇ ಬಂದಿದ್ದಳು. ಚಹಾಕ್ಕೆ ಲೋಟ ಸಾಲದು, ಹತ್ತು ಬೇಕಿತ್ತು ಎಂದಳು. ಲೋಟ ತೆಗೆಯಲು ನಾನು ಕೈ ತೊಳೆಯುತ್ತಿರುವಾಗ ಅವಳು ಬೋಗುಣಿಯೊಳಗೆ ಇಣುಕಿದಳು.

“ಎಂತ ವಿಮಲಕ್ಕ, ಮೊಸರಾ?”

“ಹೂಂ. ಎರಡು ದಿನದ ಹುಳಿ ಮೊಸರು. ಬಾಯಿ ಹೇಳಿಕೊಟ್ಟ ಹಾಗೇ.”

“ಅಮ್ಮ ಮೊಸರು ಹಾಕಿದ್ದು ನಾನು ನೋಡಿಯೇ ಇಲ್ಲ. ಬೇರೆಯವರ ಕೇಕಿಗೆ ನಾಲ್ಕು ಮೊಟ್ಟೆ, ನಿಮ್ಮ ಮನೆಯದ್ದಕ್ಕೆ ಎರಡೇ. ವಾಸನೆ ಬರಬಾರ್ದು ಅಂತ ಕಿತ್ತಳೆ ಸಿಪ್ಪೆ ಒಂದು ಚಮಚ ಜಾಸ್ತಿ ಹಾಕ್ತಿದ್ರು.”

ನಲ್ಲಿಯ ನೀರು ನನ್ನ ಕೈಮೇಲೆ ಬೀಳುತ್ತಲೇ ಇತ್ತು. ಸ್ಟೆಲ್ಲಾಳಿಗೆ ಏನೋ ಅನುಮಾನ ಬಂದಿರಬೇಕು.

“ನಿಮಗೆ ಗೊತ್ತಿತ್ತಲ್ಲ?”

“ಗೊತ್ತಿತ್ತು,” ಎಂದೆ.

ಯಾಕೆ ಹಾಗೆಂದೆನೋ. ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿ, ಹತ್ತು ಲೋಟ ಎಣಿಸಿ ಕೊಟ್ಟೆ. ಒಂದರ ಕಂಠ ನೆಗ್ಗಿತ್ತು, ಅದನ್ನು ಬದಲಾಯಿಸಿ ಕೊಟ್ಟೆ. ಅವಳು ಹೋದ ಮೇಲೆ ಹಿಟ್ಟನ್ನು ಅಚ್ಚಿಗೆ ಸುರಿದು, ಪಾತ್ರೆಯೊಳಗಿಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿದೆ. ಮಾಡುವ ಕೆಲಸವನ್ನೆಲ್ಲ ಕೈ ತಾನೇ ಮಾಡಿತು.

ನಮ್ಮದು ಲಿಂಗಾಯತರ ಮನೆ. ಮೊಟ್ಟೆಯ ಚಿಪ್ಪು ಕೂಡ ಹೊಸ್ತಿಲು ದಾಟಿದ್ದಿಲ್ಲ. ನಾನು ಓದಿದ್ದು ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ. ಶಾಲೆಯ ಹಬ್ಬದ ದಿನ ಸಿಸ್ಟರ್‌ಗಳು ಪ್ರತಿ ಹುಡುಗಿಗೂ ಕಾಗದದಲ್ಲಿ ಸುತ್ತಿದ ಒಂದು ತುಂಡು ಕೇಕು ಕೊಡುವರು. ನಾನು ಅದನ್ನು ಮೂಸಿ, ಮತ್ತೆ ಸುತ್ತಿ, ಪಕ್ಕದ ಬೆಂಚಿನವಳಿಗೆ ದಾಟಿಸುವೆ. ಹತ್ತು ವರ್ಷ ಹೀಗೆ. ಆದ್ದರಿಂದ ನನ್ನ ಮಗಳ ಮೊದಲ ಹುಟ್ಟುಹಬ್ಬಕ್ಕೆ ಕೇಕು ಬೇಕೆಂದು ಆಸೆಪಟ್ಟದ್ದು ಮಗಳಿಗಾಗಿ ಮಾತ್ರ ಎಂದು ಹೇಳಿದರೆ ಸುಳ್ಳಾಗುತ್ತದೆ. ಈ ಓಣಿಗೆ ಸೊಸೆಯಾಗಿ ಬಂದು ಎರಡೇ ವರ್ಷವಾಗಿತ್ತು. ಬಾಯಿಯ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಮೊಟ್ಟೆ ಇಲ್ಲದೆ ಆಗುತ್ತದೆಯೇ ಎಂದು ಕೇಳಿದೆ. ಅವರು ಮೇಜನ್ನು ಒಂದು ಸಲ ಪೂರ್ತಿ ಒರೆಸಿದರು.

“ಆಗ್ತದೆ. ಯಾಕೆ ಆಗ್ಲಿಕ್ಕಿಲ್ಲ?” ಎಂದರು.

ಕೇಕು ಬಂತು. ಕಾಫಿಯ ಬಣ್ಣ, ಒಳಗೆ ಹೊಂಬಣ್ಣದ ಎಳೆ. ಅತ್ತೆ ತಟ್ಟೆಯನ್ನು ನೋಡಿದರು. ತಂದುಕೊಟ್ಟ ಬಾಯಿ ಎದುರಿಗೇ ಕೂತಿದ್ದರೂ ಅವರನ್ನು ಕೇಳದೆ ನನ್ನ ಕಡೆ ತಿರುಗಿದರು.

“ಮೊಟ್ಟೆ ಇಲ್ಲ ಅಂತ ನೀನು ಹೇಳ್ತೀಯಾ?”

“ಇಲ್ಲ ಅತ್ತೆ. ನಾನು ಹೇಳ್ತೀನಿ.”

“ಹಾಗಾದ್ರೆ ನಿನ್ನ ಮಾತಿನ ಮೇಲೆ ತಿಂತೀನಿ.”

ಎರಡು ತುಂಡು ತಿಂದರು. ಕೊರಳಲ್ಲಿ ಲಿಂಗ ಧರಿಸಿದವರು, ಹೊರಗಡೆ ನೀರು ಕುಡಿಯುವುದಕ್ಕೂ ಎರಡು ಸಲ ಯೋಚಿಸುವವರು, ಹೊಸ ಸೊಸೆಯ ಒಂದು ಮಾತನ್ನು ನಂಬಿ ತಿಂದರು. ಆ ದಿನದಿಂದ ನಾನು ಆ ಮನೆಯವಳಾದೆ ಎಂದು ನನಗನ್ನಿಸಿತ್ತು. ಆಮೇಲೆ ಎರಡು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ವರ್ಷದಿಂದ ಅವರು ಕೇಳುವುದನ್ನು ಬಿಟ್ಟರು, ಸುಮ್ಮನೆ ತಟ್ಟೆ ಮುಂದೆ ಹಿಡಿಯುವರು. ಆ ಕೇಳದಿರುವಿಕೆಯಿಂದ ನನಗಾದ ಹೆಮ್ಮೆ ಸಣ್ಣದಲ್ಲ. ಅವರ ತಂಗಿ ತರೀಕೆರೆಯಿಂದ ಬಂದಾಗ, ಮಠದ ಕಡೆಯ ನೆಂಟರು ಬಂದಾಗ, ನಾನೇ ಮುಂದಾಗಿ ಹೇಳುತ್ತಿದ್ದೆ: ತಿನ್ನಿ, ಮೊಟ್ಟೆ ಇಲ್ಲ, ನನ್ನ ಕಣ್ಣೆದುರಿಗೇ ಮಾಡಿದ್ದು.

ಕಣ್ಣೆದುರಿಗೇ ಮಾಡಿದ್ದು ಹೌದು. ಕೇಕು ಕಲಿಯಬೇಕೆಂದು ಹಟ ಹಿಡಿದು ನಾನು ಬಾಯಿಯ ಬೆನ್ನು ಹತ್ತಿದ್ದೆ. ಬೆಲ್ಲ ನಾನೇ ತುರಿಯುವೆ, ಬೆಣ್ಣೆ ನಾನೇ ನಾದುವೆ. ಆದರೆ ಹಿಟ್ಟು ಕಲಸುವ ಹೊತ್ತಿಗೆ ಸರಿಯಾಗಿ ಅವರು ಹೇಳುವರು: “ಹಾಲ್‌ಗೆ ಹೋಗಿ ಗಡಿಯಾರ ನೋಡ್ಕೊಂಡು ಬಾ ಮಗಾ.” ಅವರ ಹಾಲ್‌ನ ಗಡಿಯಾರ ಶಿಲುಬೆಯ ಪಕ್ಕ, ಎತ್ತರದಲ್ಲಿ. ಅದರ ಗಾಜಿನ ಮೇಲೆ ಎದುರಿನ ಕಿಟಕಿಯ ಬೆಳಕು ಬಿದ್ದು ಮುಳ್ಳು ಕಾಣದು. ಕುರ್ಚಿ ಎಳೆದು, ಹತ್ತಿ ನೋಡಿ, ಇಳಿದು, ಕುರ್ಚಿಯನ್ನು ಮತ್ತೆ ಗೋಡೆಗೆ ತಾಗಿಸಿಟ್ಟು ಬರುವಷ್ಟರಲ್ಲಿ ಬೋಗುಣಿಯ ಮೇಲೆ ಬಿಳಿ ಬಟ್ಟೆ ಮುಚ್ಚಿರುತ್ತಿತ್ತು. “ಮುಟ್ಟಬೇಡ, ಹಿಟ್ಟು ಉಸಿರಾಡ್ಲಿ” ಎನ್ನುವರು.

ಎಲ್ಲವನ್ನೂ ಜಪದಲ್ಲಿ ಅಳೆಯುವ ಹೆಂಗಸಿಗೆ ಗಡಿಯಾರ ಯಾತಕ್ಕೆ ಬೇಕಿತ್ತು? ಹದಿನೈದು ವರ್ಷದಲ್ಲಿ ಒಂದು ಸಲವೂ ಈ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ. ಆ ಬೆಳಿಗ್ಗೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಗ ಬಂತು.

ಅಷ್ಟಾದರೂ, ಮೊಟ್ಟೆ ತಿಂದೆನೆಂಬುದು ನನ್ನನ್ನು ಹೆಚ್ಚು ಕುಟುಕಲಿಲ್ಲ. ಕುಟುಕಿದ್ದು ಇನ್ನೊಂದು.

ನಾನು ಮನೆಯಲ್ಲಿ ಮಾಡಿದ ಕೇಕು ಯಾವತ್ತೂ ಬಾಯಿಯ ಕೇಕಿನ ಹಾಗೆ ಉಬ್ಬಲಿಲ್ಲ. ಅದೇ ಬೆಲ್ಲ, ಅದೇ ಮರಳು, ಅದೇ ಕಾಫಿ ಗಿಡದ ಬೊಡ್ಡೆಯ ಕೆಂಡ. ಅವರದು ಹತ್ತಿಯ ಹಾಗೆ, ನನ್ನದು ಹಿಟ್ಟಿನ ಹಲಗೆ. ಮೊದಲು ಕಾವಿನ ಮೇಲೆ ಅನುಮಾನ ಬಂತು. ನನಗೆ ಕೊಂಕಣಿ ಜಪ ಬಾರದು, ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನ ಜಪ ಹೇಳಲೇ ಎಂದೆ. “ಇಂಗ್ಲಿಷಿಂದು ಬೇಡ. ಅದು ಬೇಗ ಮುಗೀತದೆ, ಕೇಕು ಹಸಿ ಇರ್ತದೆ” ಎಂದರು. ಕೊನೆಗೆ ಒಂದು ಮಧ್ಯಾಹ್ನ ಇಬ್ಬರೂ ಒಂದೇ ಪಾತ್ರೆಯೊಳಗೆ ಒಂದೊಂದು ಕೈ ಇಳಿಬಿಟ್ಟು ಕೂತೆವು. ಅವರದು ‘ನಮಾನ್ ಮರಿಯೆ’, ನನ್ನದು ‘ಓಂ ನಮಃ ಶಿವಾಯ’. ಅವರ ಒಂದು ಮುಗಿಯುವಾಗ ನನ್ನದು ಹದಿನೇಳು ಆಗಿತ್ತು. ಬಾಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

“ನೀನು ಶಿವನನ್ನೂ ಓಡಿಸ್ತೀಯಲ್ಲ ಮಗಾ. ಹನ್ನೊಂದು ಸಾಕು, ನಿಧಾನ ಹೇಳು. ಕಾವಲ್ಲ ತಪ್ಪು. ನಿನ್ನ ಕೈಯಲ್ಲಿ ಅವಸರ ಉಂಟು.”

ನಿನ್ನ ಕೈಯಲ್ಲಿ ಅವಸರ ಉಂಟು. ಇದು ನನ್ನ ಮೇಲೆ ಬಿದ್ದ ತೀರ್ಪು. ಯಾರಾದರೂ ನಂಬದಿರುವುದು ಹೇಗೆ? ನಮ್ಮ ಊರಿನಲ್ಲಿ ಬಾಯಿ ಎಂದರೆ ಮುಖದ ಮೇಲೆ ಸತ್ಯ ಹೇಳುವವರು. ಪಾದ್ರಿಯವರಿಗೇ, “ಫಾದರ್, ಇವತ್ತು ನಿಮ್ಮ ಪ್ರಸಂಗ ಮುಗಿಯೋದ್ರಲ್ಲಿ ನನ್ನ ಎರಡು ಕೇಕು ಬೆಂದು ಇಳೀತಿತ್ತು” ಎಂದು ಇಗರ್ಜಿಯ ಮೆಟ್ಟಿಲ ಮೇಲೇ ಹೇಳಿದ್ದರು. ಜಾವಳಿಯ ಕಡೆಯಿಂದ ಹುಡುಗಿ ನೋಡಲು ಬಂದವರು ಓಣಿಯಲ್ಲಿ ವಿಚಾರಿಸಿದಾಗ, ಎಲ್ಲರೂ ಹುಡುಗಿಯನ್ನು ಹೊಗಳಿ ಕಳಿಸಿದರೆ ಇವರು, “ಅಡಿಗೆ ಬರೋದಿಲ್ಲ, ಬೆಳಿಗ್ಗೆ ಏಳೋದೂ ಇಲ್ಲ. ಆದ್ರೆ ಮನೆ ತುಂಬ ನಗ್ತಾಳೆ, ಬೇಕಾದ್ರೆ ಮಾಡ್ಕೊಳ್ಳಿ” ಎಂದಿದ್ದರು. ಆ ಮದುವೆ ಆಯಿತು. ಅಂಥವರು ನನ್ನ ಕೈಯಲ್ಲಿ ಅವಸರವಿದೆ ಎಂದರೆ ಇದ್ದೇ ಇರಬೇಕು.

ನಾನು ಕೈಯನ್ನು ತಿದ್ದಲು ಹೊರಟೆ. ಹಿಟ್ಟು ಕಲಸುವುದನ್ನು ನಿಧಾನ ಮಾಡಿದೆ. ಆಮೇಲೆ ರೊಟ್ಟಿ ತಟ್ಟುವುದನ್ನು, ಬಟ್ಟೆ ಹಿಂಡುವುದನ್ನು, ಕಾಫಿ ಸೋಸುವುದನ್ನು. ವಿಮಲಾ ಕಾಫಿ ಬಗ್ಗಿಸುವಷ್ಟರಲ್ಲಿ ಮೂಡಿಗೆರೆ ಬಸ್ಸು ಹೋಗಿ ವಾಪಸು ಬರುತ್ತದೆ ಎಂದು ನಮ್ಮವರು ತಮಾಷೆ ಮಾಡುವರು. ಹುಡುಗಿಯಾಗಿದ್ದಾಗ ಕಾನ್ವೆಂಟಿನ ಮೆಟ್ಟಿಲನ್ನು ಎರಡೆರಡು ಹಾರಿ ಇಳಿಯುತ್ತಿದ್ದವಳು ನಾನು. ಈಗ ನನ್ನನ್ನು ನೋಡಿದವರು, ಎಷ್ಟು ಸಮಾಧಾನದ ಹೆಂಗಸು ಎನ್ನುತ್ತಾರೆ. ಆ ಸಮಾಧಾನ ನನಗೆ ಹುಟ್ಟಿನಿಂದ ಬಂದದ್ದಲ್ಲ, ಒಂದು ಕೇಕು ಉಬ್ಬಲಿ ಎಂದು ರೂಢಿಸಿಕೊಂಡದ್ದು.

ಮಗಳಿಗೆ ಹತ್ತು ತುಂಬಿದಾಗ ಗಟ್ಟಿ ಮನಸ್ಸು ಮಾಡಿ ಕೇಕು ನಾನೇ ಮಾಡಿದೆ. ಹಿಂದಿನ ದಿನವೇ ಮೊಸರು ಹುಳಿಗಿಟ್ಟು, ಹಿಟ್ಟನ್ನು ಮೂರು ಸಲ ಜರಡಿ ಹಿಡಿದು, ಆದಷ್ಟು ನಿಧಾನವಾಗಿ ಕಲಸಿದೆ. ಅವಳ ಗೆಳತಿಯರು ಒಂದೊಂದು ಕಚ್ಚಿ, ಉಳಿದದ್ದನ್ನು ತಟ್ಟೆಯ ಅಂಚಿಗೆ ಸರಿಸಿ ಚಿಪ್ಸು ತಿಂದರು. ಮಗಳು ನನ್ನ ಹತ್ತಿರ ಬಂದು ಕಿವಿಯಲ್ಲಿ, “ಅಮ್ಮಾ, ಮುಂದಿನ ಸಲ ಬಾಯಿ ಅಜ್ಜಿದೇ ತರ್ಸು” ಎಂದಳು. ಅತ್ತೆ ತಮ್ಮ ತುಂಡನ್ನು ಕಾಫಿಯಲ್ಲಿ ಅದ್ದಿ ಹೇಗೋ ಮುಗಿಸಿದರು. ಬಾಯಿಯೂ ಬಂದಿದ್ದರು. ಮೂಲೆಯ ಕುರ್ಚಿಯಲ್ಲಿ ಕೂತು, ಒಂದು ಚೂರೂ ಬಿಡದೆ ತಿಂದು, ತಟ್ಟೆಯ ಪುಡಿಯನ್ನೂ ಬೆರಳಿನಿಂದ ಒತ್ತಿ ತೆಗೆದು ಬಾಯಿಗೆ ಹಾಕಿಕೊಂಡರು. ನಾನು ಅವರ ಮುಖವನ್ನೇ ನೋಡುತ್ತ ನಿಂತಿದ್ದೆ.

“ಅವಸರ ಸ್ವಲ್ಪ ಕಮ್ಮಿಯಾಗಿದೆ,” ಎಂದರು.

ನಾನು ಆ ಮಾತಿಗೆ ಕೃತಜ್ಞಳಾಗಿ ಅವರಿಗೆ ಇನ್ನೊಂದು ತುಂಡು ಬಡಿಸಿದ್ದೆ.

ಕೇಕು ಇಳಿಸಿಟ್ಟು ಹತ್ತೂವರೆಗೆ ಪೂಜೆಗೆ ಹೋದೆ. ಕಾನ್ವೆಂಟಿನ ರೂಢಿ, ಯಾವಾಗ ಏಳಬೇಕು ಯಾವಾಗ ಮೊಣಕಾಲೂರಬೇಕು ಎಂಬುದು ಮೈಗೇ ಗೊತ್ತಿದೆ; ಕೊನೆಯ ಬೆಂಚಿನಲ್ಲಿ ಎಲ್ಲರೊಂದಿಗೆ ಎದ್ದು ಕೂತೆ. ಪಾದ್ರಿಯವರು, ಕಾರ್ಮಿನ್ ಬಾಯಿಯ ನಾಲಿಗೆಯಲ್ಲಿ ಸಕ್ಕರೆ ಇರಲಿಲ್ಲ, ಸುಳ್ಳೂ ಇರಲಿಲ್ಲ ಎಂದರು. ಮುಂದಿನ ಸಾಲಿನಲ್ಲಿ ಸ್ಟೆಲ್ಲಾ ಮೂಗು ಒರೆಸಿಕೊಂಡಳು. ನನಗೆ ಅಳು ಬರಲಿಲ್ಲ. ಚಹಾದ ಹೊತ್ತಿಗೆ ನನ್ನ ಹಲಗೆ ಕೇಕನ್ನು ಜನ ಮರ್ಯಾದೆಗೆ ತಿಂದರು. ಬಾಯಿಯ ಕೈ ಯಾರಿಗೂ ಬರುವುದಿಲ್ಲ ಬಿಡಿ ಎಂದು ಯಾರೋ ಸಮಾಧಾನ ಹೇಳಿದರು. ಪ್ರತಿ ಸಲ ಈ ಮಾತಿಗೆ ನನ್ನ ತಲೆ ತಗ್ಗುತ್ತಿತ್ತು. ಆ ದಿನ ತಗ್ಗಲಿಲ್ಲ. ಬಾಯಿಯ ಹಾಲ್‌ನಲ್ಲಿ, ಅವರದೇ ಗಡಿಯಾರದ ಕೆಳಗೆ, ಸತ್ತವರ ಮೇಲೆ ಇಷ್ಟು ಸಿಟ್ಟು ಬರಬಹುದೇ ಎಂದು ನನಗೇ ಗಾಬರಿಯಾಯಿತು.

ಅವರು ನಿಜ ಹೇಳಿದ್ದರೆ ನಾನೇನು ಮುನಿಸಿಕೊಳ್ಳುತ್ತಿದ್ದೆನೇ? ‘ಮೊಟ್ಟೆ ಇಲ್ಲದೆ ಆಗೋದಿಲ್ಲ ಮಗಾ’ ಎಂದು ಮೊದಲ ದಿನವೇ ಹೇಳಬಹುದಿತ್ತು. ಕೇಕು ಇಲ್ಲದೆ ನನ್ನ ಮಗಳು ದೊಡ್ಡವಳಾಗುತ್ತಿದ್ದಳು. ಟೈಫಾಯ್ಡಿನಲ್ಲಿ ನಾನು ಮಲಗಿದಾಗ ಹನ್ನೆರಡು ದಿನ ಗಂಜಿ ಕಾಯಿಸಿ ತಂದವರು ಅವರು. ಆ ಗಂಜಿಯಲ್ಲಿ ಏನಿತ್ತೋ ಎಂದು ಈಗ ಯೋಚಿಸುವ ಹಾಗಾಯಿತಲ್ಲ. ನನಗೆ ಹೆಚ್ಚು ನೋವು ಕೊಟ್ಟದ್ದು ಅದು. ಸುಳ್ಳು ಒಂದು ಕಡೆ ಸಿಕ್ಕಿದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಗಂಜಿಗೆ ಬರುತ್ತದೆ, ಹಣೆ ಮುಟ್ಟಿ ನೋಡಿದ ಕೈಗೆ ಬರುತ್ತದೆ.

ಇನ್ನೊಂದು ಉಳಿದಿತ್ತು. ಅತ್ತೆಗೆ ಹೇಳುವುದೋ ಬಿಡುವುದೋ. ಅವರಿಗೀಗ ಎಂಬತ್ತೊಂದು. ಹೇಳದಿದ್ದರೆ ಅವರಿಗೆ ಏನೂ ಗೊತ್ತಾಗದು. ಆದರೆ ಅವರು ತಿಂದದ್ದು ಬಾಯಿಯ ಮಾತಿನ ಮೇಲಲ್ಲ, ನನ್ನ ಮಾತಿನ ಮೇಲೆ. ನಿನ್ನೆಯವರೆಗೆ ಅದು ಬಾಯಿಯ ಸುಳ್ಳು, ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾದ ಮೇಲೂ ಸುಮ್ಮನಿದ್ದರೆ ಅದು ನನ್ನದೇ ಸುಳ್ಳಾಗುತ್ತದೆ. ಊಟವಾದ ಮೇಲೆ ಅವರು ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಎದುರಿಗೆ ಕೂತು ಹೇಳಿಬಿಟ್ಟೆ. ಬಾಯಿ ನಮ್ಮ ಕೇಕಿಗೆ ಮೊಟ್ಟೆ ಹಾಕುತ್ತಿದ್ದರಂತೆ, ಮೊದಲಿನಿಂದಲೂ, ನನಗೆ ಇವತ್ತು ತಿಳಿಯಿತು, ನನ್ನಿಂದ ತಪ್ಪಾಯಿತು ಎಂದೆ.

ಅತ್ತೆಯ ಬೆರಳು ಮೊರದಲ್ಲಿ ನಿಂತಿತು. ಒಂದು ಕಲ್ಲು ಆರಿಸಿ ಕೆಳಗೆ ಹಾಕಿದರು. ನನ್ನ ಮುಖ ನೋಡಲಿಲ್ಲ.

“ನಿನ್ನ ಮಾತಿನ ಮೇಲೆ ತಿಂದೋಳು ನಾನು,” ಎಂದರು.

ಮೊರವನ್ನು ಪಕ್ಕಕ್ಕಿಟ್ಟು, “ನೀರು ಕಾಯ್ಸು. ತಲೆಗೆ ಹಾಕ್ಕೋಬೇಕು” ಎಂದರು.

ನೀರು ಕಾಯಿಸಿದೆ. ಹಂಡೆಯ ಮುಂದೆ ಕೂತಾಗ ಬಾಯಿಯನ್ನು ಕೊನೆಯ ಸಲ ಕಂಡದ್ದು ನೆನಪಾಯಿತು. ಕಳೆದ ವರ್ಷ, ಅವರು ಹೋಗುವುದಕ್ಕೆ ನಾಲ್ಕು ದಿನ ಮೊದಲು. ಮುಂದಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಹಾಸಿಗೆ. ಹೆಣಿಗೆಕಡ್ಡಿ ಇಲ್ಲದ ತುರುಬು ದಿಂಬಿನ ಮೇಲೆ ಬಿಚ್ಚಿ ಹರಡಿತ್ತು. ಅಷ್ಟು ಕೂದಲು ಅವರಿಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ನಾನು ತಂದ ಗಂಜಿಯನ್ನು ಎರಡು ಚಮಚ ಕುಡಿದು ಸಾಕೆಂದರು. ಆಮೇಲೆ ನನ್ನ ಬಲಗೈಯನ್ನು ಹಿಡಿದು, ಅಂಗೈ ಮೇಲೆ ಮಾಡಿಕೊಂಡು, ಹೆಬ್ಬೆರಳಿನಿಂದ ನಿಧಾನವಾಗಿ ಉಜ್ಜಿದರು.

“ನಿನ್ನ ಕೈಯಲ್ಲಿ ಎಂತದೂ ತಪ್ಪಿಲ್ಲ ಮಗಾ. ಮೊದಲೂ ಇರ್ಲಿಲ್ಲ.”

ಇನ್ನೇನೋ ಹೇಳಲು ತುಟಿ ತೆರೆದರು. ಕಿಟಕಿಯಾಚೆ ನೋಡಿದರು. ಆ ಕಿಟಕಿಯಿಂದ ಕಾಣುವುದು ನಮ್ಮ ಮನೆಯ ಜಗಲಿಯೊಂದೇ.

“ಹೋಗು ಈಗ. ನಿಮ್ಮತ್ತೆ ಕಾಫಿಗೆ ಕಾಯ್ತಾ ಇರ್ತಾರೆ,” ಎಂದರು.

ನಾನು ಅಂಗಳ ದಾಟಿ ಮನೆಗೆ ಬರುವಷ್ಟರಲ್ಲಿ ಅಳುತ್ತಿದ್ದೆ, ಸಂತೋಷಕ್ಕೆ. ಹದಿನೈದು ವರ್ಷದ ಮೇಲೆ ಗುರುವಿನಿಂದ ಪಾಸಾದೆ ಎಂದುಕೊಂಡೆ. ಸಂಜೆ ನಮ್ಮವರಿಗೂ ಹೇಳಿದೆ, ಬಾಯಿ ನನ್ನ ಕೈಯನ್ನು ಒಪ್ಪಿಕೊಂಡರು ಎಂದು. ಪಾಸು ಮಾಡಿದ್ದಲ್ಲ ಅದು. ಅವರು ತಪ್ಪೊಪ್ಪಿಕೊಳ್ಳುತ್ತಿದ್ದರು, ಅರ್ಧಕ್ಕೇ ನಿಲ್ಲಿಸಿದರು. ಪಾದ್ರಿಯ ಮುಖಕ್ಕೆ ಹೊಡೆದಂತೆ ಮಾತಾಡುತ್ತಿದ್ದವರಿಗೆ ನನ್ನ ಮುಂದೆ ಉಳಿದರ್ಧ ಹೇಳಲು ಧೈರ್ಯವಾಗಲಿಲ್ಲವಲ್ಲ ಎಂದು ಹಂಡೆಯ ಮುಂದೆ ಕೂತು ಅವರನ್ನು ಮನಸ್ಸಿನಲ್ಲೇ ಬೈದೆ. ಕಾನ್ವೆಂಟಿನಲ್ಲಿ ಕಲಿಸದ ಒಂದೆರಡು ಮಾತೂ ಅದರಲ್ಲಿ ಬಂದವು.

ಅತ್ತೆ ತಲೆಗೆ ನೀರು ಹಾಕಿಕೊಂಡು, ಮಡಿ ಉಟ್ಟು, ಹಣೆ ತುಂಬ ವಿಭೂತಿ ಬಳಿದು ದೇವರ ಕೋಣೆಯಲ್ಲಿ ಕೂತರು. ನಾಲ್ಕು ಗಂಟೆಗೆ ಕಾಫಿ ಒಯ್ದೆ, ಬೇಡವೆಂದು ಕೈಯಾಡಿಸಿದರು. ಐದಕ್ಕೆ ಮತ್ತೆ ಒಯ್ದೆ. ಕಣ್ಣು ತೆರೆಯಲಿಲ್ಲ. ಒದ್ದೆ ಕೂದಲಿನಿಂದ ಹನಿ ಇಳಿದು ಬೆನ್ನಿನ ಮೇಲೆ ಬಟ್ಟೆ ತೊಯ್ದಿತ್ತು, ಒರೆಸಲು ಹೋದರೆ ಮುಟ್ಟಬೇಡ ಎಂದರು. ಈ ವಯಸ್ಸಿನಲ್ಲಿ ಅವರಿಗೆ ನೆಗಡಿಯಾದರೆ ಅದಕ್ಕೂ ನಾನೇ ಹೊಣೆ ಎಂದುಕೊಂಡು ಹೊರಗೆ ಬಂದೆ.

ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಬೇಲಿಯಾಚೆ ಮೈಮುನ ಕೋಳಿಗಳನ್ನು ಗೂಡಿಗೆ ಸೇರಿಸುತ್ತಿದ್ದಳು. ಅವಳ ಗಂಡನಿಗೆ ಹೆದ್ದಾರಿಯಲ್ಲಿ ಗ್ಯಾರೇಜು. ಇವಳು ಮನೆಯಲ್ಲಿ ನಾಲ್ಕೈದು ಕೋಳಿ ಸಾಕಿಕೊಂಡು ಓಣಿಗೆ ಮೊಟ್ಟೆ ಕೊಡುವವಳು. ಬಾಯಿಯ ಪೂಜೆ ಚೆನ್ನಾಗಿ ಆಯಿತೇ, ಜನ ಬಂದಿದ್ದರೇ ಎಂದು ಕೇಳಿದಳು. ಬಂದಿದ್ದರು ಎಂದೆ. ಒಂದು ಕೆಂಪು ಹೇಂಟೆ ಅವಳ ಕೈ ತಪ್ಪಿಸಿಕೊಂಡು ಬಾಳೆಯ ಬುಡಕ್ಕೆ ಓಡಿತು. ಅವಳು ಅದರ ಹಿಂದೆಯೇ ಬಗ್ಗಿ ನಡೆಯುತ್ತ, ನನ್ನ ಕಡೆ ನೋಡದೆಯೇ ಮಾತು ಮುಂದುವರಿಸಿದಳು.

“ಬಾಯಿ ಹೋದ್ಮೇಲೆ ಈ ಕೆಂಪಿ ಮೊಟ್ಟೆ ಕೇಳೋರೇ ಇಲ್ಲ ಅಕ್ಕ. ಮೊದ್ಲು ನಿಮ್ಮನೆ ಕೇಕಿಗೆ ಅಂತ ಬಾಯಿ ಮೊಟ್ಟೆ ಒಯ್ಯೋಕೆ ಬಂದ್ರೆ ಸಾಕು, ನಿಮ್ಮತ್ತೆ ಆ ಜಗಲಿಯಿಂದ್ಲೇ ಕೂಗೋರು, ‘ಮೈಮುನಾ, ಬಿಳೀದ್ರದ್ದು ಕೊಡ್ಬೇಡ, ಕೆಂಪೀದೇ ಕೊಡು, ಅದ್ರ ಹಳದಿ ದಪ್ಪ’ ಅಂತ.”